ನಿಮಗಿದು ಗೊತ್ತೇ? ಲೆಬನಾನಿನಲ್ಲಿ ಒಂದೇ ಡಾಲರಿಗೆ ನಾಲ್ಕು ಬೆಲೆ

ಬ್ಯಾಂಕು ಮುಳುಗುವುದನ್ನು ಕಂಡಿದ್ದೇವೆ, ರಾತ್ರೋರಾತ್ರಿ ನೋಟು ಸತ್ತದ್ದನ್ನೂ ಕಂಡಿದ್ದೇವೆ. ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿ, ಅದರ ಬೆನ್ನಿಗೇ ದುಡ್ಡಿನ ಬೆಲೆಯೂ ಪಾತಾಳಕ್ಕಿಳಿದರೆ ಮನೆ ನಡೆಯುವುದು ಹೇಗೆ? ಮೆಡಿಟರೇನಿಯನ್ ಕಡಲ ದಂಡೆಯ ಪುಟ್ಟ ದೇಶ ಲೆಬನಾನ್ 2019ರಿಂದ ಅನುಭವಿಸಿದ್ದು ಇದನ್ನೇ. 19ನೇ ಶತಮಾನದ ನಡುಭಾಗದಿಂದ ಈಚೆಗೆ ಜಗತ್ತು ಕಂಡ ಹತ್ತು ಅತಿ ಘೋರ ಆರ್ಥಿಕ ಕುಸಿತಗಳಲ್ಲಿ, ಬಹುಶಃ ಮೊದಲ ಮೂರರಲ್ಲೇ, ಇದೂ ಒಂದು ಎಂದು ವಿಶ್ವಬ್ಯಾಂಕ್ 2021ರಲ್ಲಿ ಹೇಳಿತು. ಅಲ್ಲಿ ಎಲ್ಲರ ದುಡ್ಡೂ ಒಂದೇ ಸಮ ಕರಗಲಿಲ್ಲ. ಯಾರ ದುಡ್ಡಿಗೆ ಯಾವ ದರ ಎಂಬುದರ ಮೇಲೆ ಅವರವರ ಹಣೆಬರಹ ನಿಂತಿತ್ತು.

● 1997ರ ಕೊನೆಯಿಂದ ಇಪ್ಪತ್ತೆರಡು ವರ್ಷ ಲೆಬನಾನಿನ ಲಿರಾ ಅಲುಗಲೇ ಇಲ್ಲ. ಡಾಲರಿಗೆ 1,507.5 ಲಿರಾ. ಅಂಗಡಿಯಲ್ಲಿ 1,500 ಎಂದೇ ಲೆಕ್ಕ. ಅರ್ಧ ಡಾಲರಿನಲ್ಲಿ, ಅರ್ಧ ಲಿರಾದಲ್ಲಿ ಬಿಲ್ಲು ಕೊಟ್ಟರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಅದೇ ಒಂದು ಡಾಲರಿಗೆ ಬೀದಿಯಲ್ಲಿ ಸುಮಾರು 1,40,000 ಲಿರಾ ಎಣಿಸಬೇಕಾಯಿತು.

● ಜನ ಡಾಲರನ್ನು ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. 1975ರಲ್ಲಿ ಅಂತರ್ಯುದ್ಧ ಶುರುವಾಗುವ ಹೊತ್ತಿಗೆ ಡಾಲರಿಗೆ ಎರಡು-ಮೂರು ಲಿರಾ ಇತ್ತು. 1992ರಲ್ಲಿ ಅದು 2,000 ದಾಟಿತ್ತು. ಒಮ್ಮೆ ಕೈ ಸುಟ್ಟುಕೊಂಡವರು ಉಳಿತಾಯವನ್ನು ಡಾಲರಿನಲ್ಲಿಡುವುದೇ ಜಾಣತನ ಎಂದುಕೊಂಡರು. ಇಟ್ಟದ್ದು ಮಾತ್ರ ಬ್ಯಾಂಕಿನಲ್ಲಿ.

● ಆ ಡಾಲರುಗಳು ಹೋದದ್ದೆಲ್ಲಿಗೆ? ಬ್ಯಾಂಕುಗಳು ಭಾರಿ ಬಡ್ಡಿಯ ಆಸೆ ತೋರಿಸಿ ಠೇವಣಿ ತಂದವು. ಅದಕ್ಕಿಂತ ಹೆಚ್ಚಿನ ಬಡ್ಡಿಯ ಆಸೆಗೆ ಅದನ್ನು ಕೇಂದ್ರ ಬ್ಯಾಂಕಿಗೆ ಕೊಟ್ಟವು. ಕೇಂದ್ರ ಬ್ಯಾಂಕು ಲಿರಾದ ದರ ಹಿಡಿದು ನಿಲ್ಲಿಸಲು, ಸರ್ಕಾರದ ಕೊರತೆ ತುಂಬಲು ಅದನ್ನು ಕರಗಿಸಿತು. ಹಳೆಯವರ ಬಡ್ಡಿಗೆ ಹೊಸಬರ ಠೇವಣಿ. ನಮ್ಮ ಕಡೆ ಮುಳುಗಿದ ಚೀಟಿ ಕಂಪನಿಗಳ ಕಥೆಯೇ ಇದು, ನಡೆಸಿದವರು ಕೋಟು-ಟೈ ತೊಟ್ಟಿದ್ದರು ಅಷ್ಟೇ. ವಿಶ್ವಬ್ಯಾಂಕೇ 2022ರ ವರದಿಯಲ್ಲಿ ಇದನ್ನು ಪೊಂಜಿ ವ್ಯವಹಾರಕ್ಕೆ ಹೋಲಿಸಿತು.

● ಜನರನ್ನು ಬೀದಿಗೆ ತಂದದ್ದು ವಾಟ್ಸ್ಆ್ಯಪ್! ಇಂಟರ್‌ನೆಟ್ ಕರೆಗಳ ಮೇಲೆ ತಿಂಗಳಿಗೆ 6 ಡಾಲರ್ ತೆರಿಗೆ ಹಾಕುವುದಾಗಿ 2019ರ ಅಕ್ಟೋಬರ್ 17ರಂದು ಸರ್ಕಾರ ಹೇಳಿತು. ಕೆಲವೇ ಗಂಟೆಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ದೇಶವೇ ಬೀದಿಯಲ್ಲಿತ್ತು.

● ಮರುದಿನ ಮುಚ್ಚಿದ ಬ್ಯಾಂಕುಗಳು ತೆರೆದದ್ದು ನವೆಂಬರ್ 1ಕ್ಕೆ. ಬಳಿಕ ವಾರಕ್ಕೆ ಇಷ್ಟೇ ಡಾಲರ್ ಎಂಬ ಮಿತಿ ಬಂತು, ಆ ಮಿತಿಯೂ ಇಳಿಯುತ್ತಾ ಹೋಗಿ 2020ರ ವಸಂತದ ಹೊತ್ತಿಗೆ ಡಾಲರ್ ನೋಟು ಕೊಡುವುದೇ ನಿಂತಿತು. ಇಷ್ಟಕ್ಕೂ ಇದನ್ನೆಲ್ಲ ಮಾಡಲು ಯಾವ ಕಾನೂನೂ ಇರಲಿಲ್ಲ. ನಿರ್ಬಂಧದ ಮಸೂದೆ ಸಂಸತ್ತಿನಲ್ಲಿ ವರ್ಷಗಟ್ಟಲೆ ಕೊಳೆಯಿತು. ಬ್ಯಾಂಕುಗಳು ತಮ್ಮ ಪಾಡಿಗೆ ತಾವೇ ನಿಯಮ ಮಾಡಿಕೊಂಡವು.

● ಈಗ ತಲೆಬರಹದ ವಿಷಯಕ್ಕೆ ಬರೋಣ. ಖಾತೆಯಲ್ಲಿ ಸಿಕ್ಕಿಬಿದ್ದ ಡಾಲರಿಗೆ ‘ಲೊಲಾರ್’ ಎಂಬ ಹೆಸರು ಬಿತ್ತು. ಹೊರಗಿನಿಂದ ಬಂದ ನಗದಿಗೆ ‘ಫ್ರೆಶ್ ಡಾಲರ್’. 2021ರ ಮಧ್ಯಭಾಗದಲ್ಲಿ ಸರ್ಕಾರಿ ದರ 1,507.5, ಲೊಲಾರ್ ಬಿಡಿಸಿಕೊಳ್ಳಲು 3,900, ಕೇಂದ್ರ ಬ್ಯಾಂಕಿನ ‘ಸೈರಫಾ’ ವಿನಿಮಯ ವೇದಿಕೆಯಲ್ಲಿ 12,000, ಬೀದಿಯಲ್ಲಿ ಸುಮಾರು 15,000. ಲೆಕ್ಕ ಹಾಕಿ ನೋಡಿ: ಮಗಳ ಮದುವೆಗೆಂದೋ ಮುಪ್ಪಿಗೆಂದೋ ಕೂಡಿಟ್ಟ 100 ಡಾಲರ್ ಬಿಡಿಸಿದರೆ ಕೈಗೆ ಬಂದದ್ದು 3,90,000 ಲಿರಾ. ಅದನ್ನು ಒಯ್ದು ಬೀದಿಯಲ್ಲಿ ಡಾಲರ್ ಕೊಂಡರೆ ಸಿಗುತ್ತಿದ್ದದ್ದು 26. ಉಳಿದ 74 ಡಾಲರ್ ದರಗಳ ನಡುವೆಯೇ ಕರಗಿತು.

● ಕುಸಿತದಲ್ಲಿ ಗೆದ್ದವರೂ ಇದ್ದಾರೆ: ಸಾಲಗಾರರು. ಮನೆ ಸಾಲವನ್ನು ಹಳೆಯ 1,507.5ರ ದರದಲ್ಲೇ ಲಿರಾದಲ್ಲಿ ತೀರಿಸಲು ಅವಕಾಶವಿತ್ತು. 1,00,000 ಡಾಲರ್ ಸಾಲಕ್ಕೆ ಸುಮಾರು 15 ಕೋಟಿ ಲಿರಾ. 2021ರ ಕೊನೆಯಲ್ಲಿ ಬೀದಿಯ ದರ 27,000ದ ಆಸುಪಾಸಿಗೆ ಬಂದಾಗ ಅಷ್ಟು ಲಿರಾ ಕೊಳ್ಳಲು 5,600 ಡಾಲರ್ ಸಾಕಿತ್ತು. ಗಲ್ಫ್‌ನಲ್ಲಿ ದುಡಿಯುವ ತಮ್ಮನಿದ್ದವರು ಒಂದೇ ಏಟಿಗೆ ಸಾಲ ಚುಕ್ತಾ ಮಾಡಿದರು. ಜೀವನವಿಡೀ ಸಾಲ ಮಾಡದೆ ಉಳಿಸಿದವರು ಕೂತು ನೋಡಿದರು.

● ಕನಿಷ್ಠ ವೇತನ ಆಗ 6,75,000 ಲಿರಾ ಇತ್ತು. ಮೊದಲಿಗೆ ಅದು ಸುಮಾರು 450 ಡಾಲರ್; 2021ರ ಬೇಸಿಗೆಯಲ್ಲಿ 40 ಡಾಲರಿಗೂ ಕಷ್ಟ. ಸಂಬಳ ಕಡಿತ ಮಾಡಿದ್ದೇವೆ ಎಂದು ಯಾವ ಮಾಲೀಕನೂ ಹೇಳಬೇಕಾಗಿ ಬರಲಿಲ್ಲ.

● 2020ರಲ್ಲಿ ಸೇನೆಯ ಊಟದಿಂದ ಮಾಂಸ ಮಾಯವಾಯಿತು, ಕೊಳ್ಳಲು ದುಡ್ಡಿರಲಿಲ್ಲ. ಮರುವರ್ಷ ಜುಲೈನಿಂದ ಅದೇ ಸೇನೆ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸುತ್ತಿಸಲು ಹೊರಟಿತು. 15 ನಿಮಿಷಕ್ಕೆ 150 ಡಾಲರ್, ಮೂವರು ಕೂರಬಹುದು. ನಗದು ಮಾತ್ರ!

● ಪೆಟ್ರೋಲ್, ಗೋಧಿ, ಔಷಧ ತರುವವರಿಗೆ ಕೇಂದ್ರ ಬ್ಯಾಂಕು ಹಳೆಯ ದರದಲ್ಲೇ ಡಾಲರ್ ಕೊಡುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಅಗ್ಗದ ಪೆಟ್ರೋಲ್ ಗಡಿ ದಾಟಿ ಸಿರಿಯಾಕ್ಕೆ ಹೋಯಿತು, ಔಷಧ ಗೋದಾಮು ಸೇರಿತು. 2021ರ ಬೇಸಿಗೆಯಲ್ಲಿ ಬಂಕಿನ ಮುಂದೆ ಹಿಂದಿನ ರಾತ್ರಿಯೇ ಕಾರು ನಿಲ್ಲಿಸಿ ಸರದಿ ಹಿಡಿಯುತ್ತಿದ್ದರು. ಆ ಆಗಸ್ಟ್ 15ರಂದು ಉತ್ತರದ ಅಕ್ಕಾರ್ ಪ್ರಾಂತದ ತ್ಲೈಲ್ ಎಂಬಲ್ಲಿ ಅಡಗಿಸಿಟ್ಟಿದ್ದ ಇಂಧನದ ಟ್ಯಾಂಕಿಗೆ ಜನ ಕೊಡ ಹಿಡಿದು ಮುತ್ತಿದರು. ಟ್ಯಾಂಕು ಸ್ಫೋಟಿಸಿ ಕನಿಷ್ಠ 28 ಮಂದಿ ಸತ್ತರು.

● ಅದೇ ವರ್ಷ ಅಕ್ಟೋಬರ್ 9ರಂದು ಎರಡು ದೊಡ್ಡ ವಿದ್ಯುತ್ ಸ್ಥಾವರಗಳು ಇಂಧನ ಮುಗಿದು ನಿಂತವು, ಇಡೀ ದೇಶ ಕತ್ತಲಾಯಿತು. ಆಗ ಮಾಮೂಲಿ ದಿನಗಳಲ್ಲೂ ಸರ್ಕಾರಿ ಕರೆಂಟು ಇದ್ದದ್ದು ದಿನಕ್ಕೆ ಒಂದೆರಡು ಗಂಟೆ. ಉಳಿದ ಹೊತ್ತಿಗೆ ಬೀದಿಯ ಖಾಸಗಿ ಜನರೇಟರ್ ಮಾಲೀಕನೇ ದಿಕ್ಕು. ಅವನು ಕರೆಂಟನ್ನು ಆ್ಯಂಪಿಯರ್ ಲೆಕ್ಕದಲ್ಲಿ ಮಾರುತ್ತಾನೆ. ಐದು ಆ್ಯಂಪಿಯರಿನ ಮನೆಯಲ್ಲಿ ಫ್ರಿಜ್ ಓಡುವಾಗ ಗೀಸರ್ ಹಾಕಿದರೆ ಫಟ್ ಎಂದು ಸ್ವಿಚ್ ಬೀಳುತ್ತದೆ. ಮೊಬೈಲ್ ಬೆಳಕಿನಲ್ಲಿ ಎದ್ದುಹೋಗಿ ಎತ್ತಬೇಕು. ಸ್ನಾನ, ಇಸ್ತ್ರಿ, ವಾಷಿಂಗ್ ಮೆಷಿನ್ ಎಲ್ಲಕ್ಕೂ ಸರದಿ. ಕರೆಂಟು ಹೋಗುವ ಮುಂಚೆ ಲಿಫ್ಟ್ ಹತ್ತಬೇಕು, ಇಲ್ಲವೇ ತರಕಾರಿ ಚೀಲ ಹೊತ್ತು ಏಳು ಮಹಡಿ ಏರಬೇಕು. ಕೈಯಲ್ಲಿ ಫ್ರೆಶ್ ಡಾಲರ್ ಇದ್ದವರು ಮಹಡಿ ಮೇಲೆ ಸೋಲಾರ್ ಹಾಕಿಸಿಕೊಂಡರು. ಒಂದೇ ಕಟ್ಟಡದಲ್ಲಿ ಯಾರ ಮನೆಗೆ ವಿದೇಶದಿಂದ ದುಡ್ಡು ಬರುತ್ತದೆ ಎಂಬುದು ರಾತ್ರಿ ಹೊತ್ತು ಕಿಟಕಿ ನೋಡಿದರೇ ತಿಳಿಯುವಂತಾಯಿತು.

● ಸ್ವಂತ ದುಡ್ಡಿಗಾಗಿ ಬ್ಯಾಂಕ್ ದರೋಡೆ ಎಂಬ ವಿಚಿತ್ರವನ್ನು ಜಗತ್ತು ಕಂಡದ್ದು ಲೆಬನಾನಿನಲ್ಲಿ. 2022ರ ಆಗಸ್ಟ್‌ನಲ್ಲಿ ರಾಜಧಾನಿ ಬೈರುತ್‌ನ ಹಮ್ರಾ ಬಡಾವಣೆಯ ಬ್ಯಾಂಕಿಗೆ ಒಬ್ಬಾತ ಬಂದೂಕು, ಪೆಟ್ರೋಲ್ ಹಿಡಿದು ನುಗ್ಗಿದ. ಅವನ ಖಾತೆಯಲ್ಲಿ 2 ಲಕ್ಷ ಡಾಲರಿಗೂ ಮಿಕ್ಕಿ ಇತ್ತು, ತಂದೆಯ ಆಸ್ಪತ್ರೆ ಖರ್ಚಿಗೆ ಮಾತ್ರ ಕಾಸಿರಲಿಲ್ಲ. ಗಂಟೆಗಟ್ಟಲೆ ಚೌಕಾಸಿಯ ನಂತರ 35,000 ಡಾಲರಿಗೆ ಮಾತು ಮುಗಿಯಿತು. ಹೊರಗೆ ನೆರೆದ ಜನ ಅವನಿಗೇ ಜೈಕಾರ ಹಾಕಿದರು. ಮರುತಿಂಗಳು ಒಬ್ಬ ಯುವತಿ ತಂಗಿಯ ಕ್ಯಾನ್ಸರ್ ಚಿಕಿತ್ಸೆಗಾಗಿ ಆಟಿಕೆ ಪಿಸ್ತೂಲು ತೋರಿಸಿ, ತನ್ನದೇ ಹಣದಲ್ಲಿ ಸುಮಾರು 13,000 ಡಾಲರ್ ಒಯ್ದಳು. ಅದಾಗಿ ಎರಡೇ ದಿನಕ್ಕೆ, ಸೆಪ್ಟೆಂಬರ್ 16ರಂದು, ಐದು ಬ್ಯಾಂಕುಗಳಿಗೆ ಗ್ರಾಹಕರು ಹೀಗೆಯೇ ನುಗ್ಗಿದರು. ಬ್ಯಾಂಕುಗಳು ಮತ್ತೆ ಬಾಗಿಲು ಹಾಕಿ, ಮುಂಭಾಗಕ್ಕೆ ಕಬ್ಬಿಣದ ತಗಡು ಬಡಿದುಕೊಂಡವು. ಇದನ್ನು ದರೋಡೆ ಎನ್ನಲು ನನಗಂತೂ ಮನಸ್ಸು ಬಾರದು.

● ಅತಿ ದೊಡ್ಡ ನೋಟು ಆಗ 1,00,000 ಲಿರಾದ್ದು. ಒಂದು ಕಾಲಕ್ಕೆ ಅದರ ಬೆಲೆ 66 ಡಾಲರ್. ಆಮೇಲೆ ಒಂದು ಡಾಲರಿನ ಆಸುಪಾಸು. ಪರ್ಸು ಮೂಲೆ ಸೇರಿ ಕೈಚೀಲ ಬಂತು, ಹೋಟೆಲಿನ ಗಲ್ಲಾದ ಮೇಲೆ ನೋಟು ಎಣಿಸುವ ಯಂತ್ರ ಕೂತಿತು. ಬೆಲೆಯ ಚೀಟಿ ಅಂಟಿಸಿ ಅಂಟಿಸಿ ಸಾಕಾದ ಸೂಪರ್‌ಮಾರ್ಕೆಟ್‌ಗಳಿಗೆ 2023ರ ಮಾರ್ಚ್‌ನಲ್ಲಿ ಡಾಲರಿನಲ್ಲೇ ದರ ಹಾಕಲು ಸರ್ಕಾರ ಅನುಮತಿ ಕೊಟ್ಟಿತು. ಆ ವರ್ಷದ ಹಣದುಬ್ಬರ 221%.

● ಬಸ್ಸು-ಕಾರಿನ ಖರ್ಚಿಗೂ ಸಂಬಳ ಸಾಲದೆ ಸರ್ಕಾರಿ ನೌಕರರು ವಾರಕ್ಕೆ ಒಂದೆರಡು ದಿನ ಕಚೇರಿಗೆ ಬಂದರು. ಅರ್ಜಿಗೆ ಅಂಟಿಸುವ ರೆವೆನ್ಯೂ ಸ್ಟ್ಯಾಂಪು ಕಾಳಸಂತೆಗೆ ಇಳಿಯಿತು. ದೇಶ ಬಿಟ್ಟು ಹೋಗೋಣವೆಂದರೆ 2022ರಲ್ಲಿ ಪಾಸ್‌ಪೋರ್ಟ್ ಪುಸ್ತಕಗಳಿಗೇ ಬರ.

● ವಿದೇಶದಿಂದ ರಜೆಗೆ ಬರುತ್ತಿದ್ದ ಮಕ್ಕಳ ಸೂಟ್‌ಕೇಸಿನಲ್ಲಿ ಚಾಕೊಲೇಟ್ ಇರಲಿಲ್ಲ. ಅಮ್ಮನ ಬಿ.ಪಿ. ಮಾತ್ರೆ, ಮಗುವಿನ ಹಾಲಿನ ಪುಡಿ, ಪಕ್ಕದ ಮನೆಯವರು ಹೇಳಿಕಳಿಸಿದ ಪ್ಯಾರಾಸಿಟಮಾಲ್. 2022ರಲ್ಲಿ ವಿದೇಶದಿಂದ ಬಂದ ಹಣ ದೇಶದ ಒಟ್ಟು ಉತ್ಪನ್ನದ ಮೂರನೇ ಒಂದು ಭಾಗಕ್ಕೂ ಹೆಚ್ಚು.

● ‘ಲಿರಾಕ್ಕೆ ಏನೂ ಆಗಿಲ್ಲ’ ಎಂದು ಪದೇಪದೇ ಹೇಳುತ್ತಿದ್ದವರು ಕೇಂದ್ರ ಬ್ಯಾಂಕಿನ ಗವರ್ನರ್ ರಿಯಾದ್ ಸಲಾಮೆ. 1993ರಿಂದ 2023ರವರೆಗೆ ಮೂವತ್ತು ವರ್ಷ ಅದೇ ಕುರ್ಚಿ. ಹಣ ದುರುಪಯೋಗದ ಆರೋಪದ ಮೇಲೆ 2024ರ ಸೆಪ್ಟೆಂಬರಿನಲ್ಲಿ ಬಂಧನ. ಆರೋಪಗಳನ್ನು ಅವರು ಅಲ್ಲಗಳೆದಿದ್ದಾರೆ.

● ಇಷ್ಟೆಲ್ಲ ಆದರೂ ಲೆಬನಾನಿನ ಕೇಂದ್ರ ಬ್ಯಾಂಕಿನ ಬಳಿ ಸುಮಾರು 287 ಟನ್ ಚಿನ್ನವಿದೆ! ಅರಬ್ ದೇಶಗಳಲ್ಲಿ ಸೌದಿ ಅರೇಬಿಯಾ ಬಿಟ್ಟರೆ ಇವರದೇ ದೊಡ್ಡ ಗಂಟು. ಯುದ್ಧಕಾಲದ ಸರ್ಕಾರಗಳು ಮಾರಿ ತಿಂದಾವು ಎಂಬ ಭಯಕ್ಕೆ 1986ರಲ್ಲಿ ಮಾಡಿದ ಕಾನೂನು, ಸಂಸತ್ತಿನ ಒಪ್ಪಿಗೆ ಇಲ್ಲದೆ ಅದನ್ನು ಮುಟ್ಟಲು ಬಿಡುವುದಿಲ್ಲ. ಆ ಒಂದು ಕಾನೂನಾದರೂ ಕೆಲಸ ಮಾಡಿತು.

● ಕೊನೆಯದಾಗಿ ಠೇವಣಿ ವಿಮೆ. ಬ್ಯಾಂಕು ಮುಳುಗಿದರೆ ಸಿಗುವ ಖಾತರಿ ಮೊತ್ತವನ್ನು ಲೆಬನಾನ್ 2020ರಲ್ಲಿ 50 ಲಕ್ಷ ಲಿರಾದಿಂದ 7.5 ಕೋಟಿಗೆ ಏರಿಸಿತು. ಆಗಿನ ಸರ್ಕಾರಿ ದರದಲ್ಲಿ ಅದು ಸುಮಾರು 50,000 ಡಾಲರ್. ಲಿರಾ ಕೊನೆಗೆ ಬಂದು ನಿಂತ 89,500ರ ದರದಲ್ಲಿ 840 ಡಾಲರೂ ಇಲ್ಲ. ನಮ್ಮಲ್ಲಿ ಈ ಮಿತಿ 2020ರ ಫೆಬ್ರವರಿ 4ರಿಂದ 5 ಲಕ್ಷ ರೂಪಾಯಿ. ಅಸಲು-ಬಡ್ಡಿ ಎರಡೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ನಿಮ್ಮ ಹೆಸರಿಗೆ ಠೇವಣಿ ಹಂಚಿಟ್ಟಿದ್ದರೆ ಅವೆಲ್ಲಕ್ಕೂ ಸೇರಿ ಲೆಕ್ಕ ಒಂದೇ, ನೆನಪಿರಲಿ.