ಹೂತ ಚಕ್ರಕ್ಕೊಂದು ಹಲಗೆ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆ ಇಳಿದು ಗೋಪಿನಾಥಂ ಸೇರುವವರಿಗೆ ಡಾಂಬರು ಇರುವಷ್ಟು ದೂರ ಚಿಂತೆಯಿಲ್ಲ. ಜೀಪು ಹೊಲದ ಬದಿಗೋ ಜಲಾಶಯದ ಅಂಚಿಗೋ ಇಳಿದಾಗ ಮಾತು ಬೇರೆ. ಈ ಸೀಮೆಗೆ ಹಿಂಗಾರು ಜೋರು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಣ್ಣುದಾರಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹುದುಲಾಗಿರುತ್ತದೆ. ಗಾಡಿ ಕೂತುಕೊಂಡರೆ ಸೊಪ್ಪುಸದೆ ಮುರಿದು ಚಕ್ರದಡಿಗೆ ತುರುಕುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಗೋಪಿನಾಥಂ ಸುತ್ತಲಿನ ಕಾಡು 1987ರಿಂದ ಕಾವೇರಿ ವನ್ಯಜೀವಿಧಾಮ. ಅಲ್ಲಿ ಮರದ ಕೊಂಬೆ ಮುರಿಯುವುದು ಕಾನೂನಿಗೆ ವಿರುದ್ಧ. ಕಾಡಂಚಿನಲ್ಲಿ ಓಡುವ ಪ್ರತಿ ಜೀಪಿನಲ್ಲೂ ಹೂತ ಚಕ್ರದಡಿ ಇಡುವ ಹಲಗೆ, ಅಂದರೆ ಟ್ರ್ಯಾಕ್ಷನ್ ಬೋರ್ಡ್, ಒಂದು ಜೊತೆ ಇರಬೇಕು ಎಂದು ನಾನು ಹೇಳುವುದು ಅದಕ್ಕೇ.

ಚಕ್ರ ಹೂಳುವುದೇಕೆ? ಎರಡು ಟನ್ ಭಾರದ ಜೀಪಿನ ಒಂದೊಂದು ಚಕ್ರದ ಮೇಲೆ ಸುಮಾರು 500 ಕಿಲೋ ಬೀಳುತ್ತದೆ. ಟೈರಿನಲ್ಲಿ 30 ಪಿಎಸ್‌ಐ ಗಾಳಿಯಿದ್ದರೆ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ 240 ಚದರ ಸೆಂಟಿಮೀಟರ್, ಅಂದರೆ ಅಂಗೈ ಎರಡರಷ್ಟು. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ಈ ಭಾರ ಹೊರುತ್ತವೆ. ಸಂದುಗಳಲ್ಲಿ ನೀರು ತುಂಬಿದಾಗ ಆ ಒತ್ತಾಟ ಸಡಿಲವಾಗಿ ಮಣ್ಣು ಜಾರುತ್ತದೆ. ಚಾಲಕ ಗಾಬರಿಯಿಂದ ಆಕ್ಸಿಲರೇಟರ್ ಒತ್ತಿದರೆ ಟೈರಿನ ಗೆರೆಗಳಲ್ಲಿ ಕೆಸರು ಮೆತ್ತಿ ನುಣುಪಾಗುತ್ತದೆ, ತಿರುಗುವ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಇನ್ನೂ ಕಷ್ಟ: ಜಾರುವ ಚಕ್ರ ಎಷ್ಟು ಎಳೆಯಬಲ್ಲದೋ ಗಟ್ಟಿ ನೆಲದ ಮೇಲಿರುವ ಅದರ ಜೊತೆಯ ಚಕ್ರಕ್ಕೂ ಅಷ್ಟೇ ಬಲ ಸಿಗುತ್ತದೆ.

ಹಲಗೆಯ ಕೆಲಸ ಇಲ್ಲಿಂದ ಶುರು. ಇಂದಿನ ನೈಲಾನ್ ಬೋರ್ಡು ಸುಮಾರು 115 ಸೆಂಟಿಮೀಟರ್ ಉದ್ದ, 33 ಸೆಂಟಿಮೀಟರ್ ಅಗಲ. ಅಂಗೈ ಎರಡರಷ್ಟು ಜಾಗದ ಭಾರ ಈಗ ಹತ್ತಾರು ಪಟ್ಟು ಹರಡುತ್ತದೆ. ಹಲಗೆ ಬಾಗುವುದರಿಂದ ಪೂರ್ತಿ ಸಮನಾಗಿ ಹರಡುವುದಿಲ್ಲ, ಆದರೂ ಸಾಕು. ಮೇಲ್ಮೈಯ ಮೊಂಡು ಹಲ್ಲುಗಳು ಟೈರಿನ ಗೆರೆಗೆ ಸಿಕ್ಕಿಕೊಳ್ಳುತ್ತವೆ, ಕೆಳಗಿನ ಉಬ್ಬುಗಳು ಮಣ್ಣು ಕಚ್ಚುತ್ತವೆ. ತುದಿ ಓರೆಯಾಗಿರುವುದರಿಂದ ಗುಂಡಿಯಿಂದ ಮೇಲೇರಲು ಇಳಿಜಾರೂ ಸಿಗುತ್ತದೆ.

ಇದರ ಮೂಲ ಮರಳುಗಾಡು. 1920ರ ದಶಕದ ಕೊನೆಯಲ್ಲಿ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಕೈರೋದ ಗುಜರಿಯಲ್ಲಿ ಸಿಕ್ಕ, ಮೊದಲ ಮಹಾಯುದ್ಧದ ಕಂದಕಗಳ ಚಾವಣಿಗೆಂದು ಮಾಡಿದ್ದ ಉಕ್ಕಿನ ತಟ್ಟೆಗಳನ್ನು ಫೋರ್ಡ್ ಕಾರಿನ ಚಕ್ರದಡಿ ಇಟ್ಟು ಲಿಬಿಯನ್ ಮರುಭೂಮಿ ಸುತ್ತಿದರು. 1940ರಲ್ಲಿ ಅವರೇ ಕಟ್ಟಿದ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಅದೇ ಉಪಾಯವನ್ನು ಯುದ್ಧಕ್ಕೆ ಒಯ್ದಿತು. ಗುಜರಿಯಲ್ಲಿ ಇದನ್ನು ಗುರುತಿಸಿದ ಕಣ್ಣೇ 1941ರಲ್ಲಿ ಗಾಳಿ ಮರಳನ್ನು ಹೊರುವ ಭೌತಶಾಸ್ತ್ರದ ಮೇಲೆ ದೊಡ್ಡ ಗ್ರಂಥ ಬರೆಯಿತು ಎಂಬುದು ನನಗೆ ಬಹಳ ಇಷ್ಟ. ಭಾರದ ಉಕ್ಕಿಗೆ ಬದಲು ಹಗುರ ನೈಲಾನ್ ತಂದದ್ದು ಈ ಶತಮಾನದ ಆಸ್ಟ್ರೇಲಿಯನ್ನರು. ಅವರ ಮ್ಯಾಕ್ಸ್‌ಟ್ರ್ಯಾಕ್ಸ್ 2005ರದ್ದು.

ಹಲಗೆ ಇದೆ ಎಂದು ಆತುರಪಟ್ಟರೆ ಅದೂ ಹಾಳು. ಮೊದಲು ಚಕ್ರದ ಮುಂದಿನ ಮಣ್ಣನ್ನು ಸಲಿಕೆಯಿಂದ ಕೆರೆದು, ಹಲಗೆಯ ತುದಿ ಟೈರಿಗೆ ತಾಗುವಂತೆ ಒಳಗೆ ಒತ್ತಬೇಕು. ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದರೆ ನೆಲ ಮುಟ್ಟುವ ಜಾಗ ಸರಿಸುಮಾರು ಇಮ್ಮಡಿಯಾಗುತ್ತದೆ. ಆಮೇಲೆ ಕಡಿಮೆ ಗೇರಿನಲ್ಲಿ ಮೆಲ್ಲಗೆ. ಚಕ್ರ ಹಲಗೆಯ ಮೇಲೆ ಗಿರಗಿರ ತಿರುಗಿದರೆ ಉಜ್ಜಾಟದ ಬಿಸಿಗೆ ನೈಲಾನ್ ಹಲ್ಲುಗಳು ಕ್ಷಣದಲ್ಲಿ ಕರಗುತ್ತವೆ, ಹಲಗೆ ಹಿಂದಕ್ಕೆ ಚಿಮ್ಮಲೂಬಹುದು. ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಕೂಡದು.

ಹೊರಬಂದ ಗಾಡಿಯನ್ನು ಗಟ್ಟಿ ನೆಲ ಸಿಗುವ ತನಕ ನಿಲ್ಲಿಸಬಾರದು. ಅಷ್ಟರಲ್ಲಿ ಹಲಗೆ ಕೆಸರಿನಡಿ ಮುಚ್ಚಿಹೋಗಿರುತ್ತದೆ. ಹಿಡಿಗೆ ಮೊದಲೇ ಕೆಂಪು ಹಗ್ಗವೊಂದನ್ನು ಕಟ್ಟಿ ಹೊರಗೆ ಚಾಚಿಟ್ಟಿದ್ದರೆ ಹುಡುಕಿ ಎಳೆಯುವುದು ಸುಲಭ.