ನಾಟಿವೈದ್ಯವೂ ಸಂಶೋಧನೆಯೂ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಬಂಡಳ್ಳಿ ಎಂಬ ಗ್ರಾಮವಿದೆ. ಈ ಸೀಮೆಯ ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ. ಈ ಕಾಡುಗಳ ಸೋಲಿಗರು ತಲೆಮಾರುಗಳಿಂದ ಗಿಡಮೂಲಿಕೆಗಳನ್ನು ಬಲ್ಲವರು. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯ ಚಿಕಿತ್ಸೆಯನ್ನೂ ಅವರ ಬಳಿಗೆ ತಂದಿತು. ಹಳೆಯ ಅನುಭವ, ಹೊಸ ವಿಜ್ಞಾನ ಇವೆರಡನ್ನೂ ಕೂಡಿಸುವ ಸೇತುವೆ ಯಾವುದು? ಅದೇ ಸಂಶೋಧನೆ.

ಮದ್ದು ಕೊಟ್ಟ ಮೇಲೆ ರೋಗಿ ಗುಣವಾದನೆಂದರೆ, ಮದ್ದಿನಿಂದಲೇ ಗುಣವಾದನೆಂದು ಹೇಳಲಾಗದು. ಕೊಳೆನೀರಿನಿಂದ ಹರಡುವ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕಚ್ಚುವ ಹಾವುಗಳೆಲ್ಲ ವಿಷದವಲ್ಲ. ಆದುದರಿಂದ ಯಾವ ಬೇರನ್ನು ತೇದು ಕುಡಿಸಿದರೂ ಅನೇಕರು ಬದುಕುತ್ತಾರೆ. ಆದರೆ ನಾಗರಹಾವು ವಿಷವಿಳಿಸಿದ್ದಾಗ ಅದೇ ಬೇರನ್ನು ನಂಬಿ ಕಾಲ ಕಳೆದರೆ ಪ್ರಾಣವೇ ಹೋದೀತು. ಆಗ ಬೇಕಾದುದು ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದು.

ಹಾಗೆಂದು ನಾಟಿಮದ್ದೆಲ್ಲವೂ ಹುಸಿಯಲ್ಲ. ಸರ್ಪಗಂಧದ ಬೇರನ್ನು ನಮ್ಮವರು ಹಾವಿನ ವಿಷಕ್ಕೂ ಚಿತ್ತಭ್ರಮೆಗೂ ಬಳಸುತ್ತಿದ್ದರು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ಅದನ್ನು ರಕ್ತದೊತ್ತಡವುಳ್ಳ ೫೦ ರೋಗಿಗಳಿಗೆ ಕೊಟ್ಟು, ಅವರ ಒತ್ತಡವನ್ನು ಅಳೆದು, ಗುರುತಿಸಿಟ್ಟು, ಫಲವನ್ನು ೧೯೪೯ರಲ್ಲಿ ಪ್ರಕಟಿಸಿದರು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ರಕ್ತದೊತ್ತಡವನ್ನು ಇಳಿಸುವ ಗುಣ ಹೀಗೆ ಸ್ಥಿರಪಟ್ಟಿತು. ಹಾವಿನ ವಿಷಕ್ಕೆ ಮದ್ದೆಂಬ ಮಾತಿಗೆ ಅಂಥ ಆಧಾರ ದೊರೆಯಲಿಲ್ಲ. ಕಾಳನ್ನೂ ಜೊಳ್ಳನ್ನೂ ಬೇರ್ಪಡಿಸುವ ಮೊರವೇ ಪರೀಕ್ಷೆ.

ಈ ಮೊರವನ್ನು ಹಿಡಿಯುವ ತರಬೇತಿ ನಾಟಿವೈದ್ಯರಿಗೂ ದೊರೆಯಬೇಕು. ಒಂದೇ ಹೆಸರಿನ ಬೇರೆ ಬೇರೆ ಗಿಡಗಳುಂಟು. ಆದ್ದರಿಂದ ಗಿಡವನ್ನು ಅದರ ಶಾಸ್ತ್ರೀಯ ಹೆಸರಿನಿಂದ ಗುರುತಿಸಲು ಕಲಿಯಬೇಕು. ರೋಗಿಯ ಲಕ್ಷಣ, ಮದ್ದಿನ ಅಳತೆ, ಕೊಟ್ಟ ದಿನ ಇವುಗಳನ್ನು ಬರೆದಿಡಬೇಕು. ಗುಣವಾದವರನ್ನು ಮಾತ್ರವಲ್ಲದೆ ಗುಣವಾಗದವರನ್ನೂ, ಮದ್ದು ಪಡೆಯದೆ ವಾಸಿಯಾದವರನ್ನೂ ಎಣಿಸಬೇಕು. ಯಾವ ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕೆಂಬುದನ್ನಂತೂ ಅವಶ್ಯವಾಗಿ ಅರಿತಿರಬೇಕು.

ಕಲಿಯುವ ಹೊಣೆ ವಿಜ್ಞಾನಿಗಳದೂ ಹೌದು. ಕಾಡಿನ ಜನರ ಅರಿವನ್ನು ಅವರು ಗೌರವದಿಂದ ಕೇಳಬೇಕು. ಅದರಿಂದ ಬಂದ ಲಾಭದಲ್ಲಿ ಆ ಜನರಿಗೂ ಪಾಲು ಸಲ್ಲಬೇಕು. ೨೦೦೨ರ ಜೀವವೈವಿಧ್ಯ ಕಾಯಿದೆಯ ಆಶಯವೂ ಇದೇ.

ಬರೆದಿಡದ ವಿದ್ಯೆ ಬಲ್ಲವರೊಡನೆಯೇ ಮಣ್ಣಾಗುತ್ತದೆ. ಪರೀಕ್ಷಿಸದ ವಿದ್ಯೆ ನಂಬಿದವರನ್ನು ಅಪಾಯಕ್ಕೆ ಒಡ್ಡುತ್ತದೆ. ಬರೆದು, ಪರೀಕ್ಷಿಸಿ, ಉಳಿಸಿಕೊಂಡ ವಿದ್ಯೆಯೇ ಮುಂದಿನವರಿಗೆ ಆಸ್ತಿ.