ಕೊಟ್ಟಿಗೆಯಿಂದ ಹೆಬ್ಬಾಳಕ್ಕೆ ಒಂದು ಚೂರು ಚರ್ಮ

ಕಾಲುಬಾಯಿ ಜ್ವರ ಬಂದ ಹಸುವಿನ ಬಾಯಿ ತೆರೆಸಲು ಇಬ್ಬರು ಬೇಕು. ಒಬ್ಬರು ಕೊಂಬು ಹಿಡಿದು ಕತ್ತನ್ನು ಕಂಬಕ್ಕೆ ಒತ್ತಿಕೊಳ್ಳಬೇಕು. ಇನ್ನೊಬ್ಬರು ಕಟವಾಯಿಯ ಪಕ್ಕ, ಹಲ್ಲಿಲ್ಲದ ಜಾಗದಲ್ಲಿ ಕೈ ತೂರಿಸಿ ನಾಲಿಗೆಯನ್ನು ಮೆಲ್ಲಗೆ ಹೊರಗೆಳೆದು ಹಿಡಿಯಬೇಕು. ಜೊಲ್ಲು ಎಳೆಎಳೆಯಾಗಿ ಮೊಣಕೈವರೆಗೆ ಇಳಿಯುತ್ತದೆ. ನಾಲಿಗೆಯ ಮೇಲೆದ್ದ ಬೊಕ್ಕೆ ಆಗಷ್ಟೇ ಒಡೆದಿದ್ದರೆ ಅದರ ಹೊದಿಕೆ ನೆನೆಸಿದ ಅವರೆಕಾಳಿನ ಸಿಪ್ಪೆಯ ಹಾಗೆ ಚಿಮುಟಕ್ಕೆ ಸಲೀಸಾಗಿ ಕಳಚಿ ಬರುತ್ತದೆ. ಬೇಕಾದದ್ದು ಅದೇ. ಒಂದು ಗ್ರಾಂನಷ್ಟು ಸಿಕ್ಕರೆ ಸಾಕು.

ಮೂಡಿಗೆರೆ ಸೀಮೆಯಲ್ಲಿ ದನಗಳ ಹಿಂದೆಯೇ ಆಯುಷ್ಯ ಕಳೆದ ನಿವೃತ್ತ ಪಶುವೈದ್ಯಕೀಯ ಪರೀಕ್ಷಕರೊಬ್ಬರು ಇದನ್ನೆಲ್ಲ ಕೈ ಆಡಿಸಿ ತೋರಿಸುತ್ತ ಹೇಳಿದರು. ಚರ್ಮಗಂಟು ರೋಗದ ಹೊಸ ಲಸಿಕೆಯ ಬಗ್ಗೆ ಕೇಳಲು ಅವರಲ್ಲಿಗೆ ಹೋಗಿದ್ದೆ. ಮಾತು ಈ ಸಿಪ್ಪೆಯಲ್ಲೇ ನಿಂತುಬಿಟ್ಟಿತು. ಲಸಿಕೆ ಎಂದರೆ ಮೇಲಿನಿಂದ ಐಸ್ ಪೆಟ್ಟಿಗೆಯಲ್ಲಿ ಇಳಿದು ಬರುವ ವಸ್ತು ಎಂದು ನಾವು ತಿಳಿದಿರುತ್ತೇವೆ. ಅವರ ಲೆಕ್ಕದಲ್ಲಿ ಅದು ಕೊಟ್ಟಿಗೆಯಿಂದಲೇ ಹೊರಡುತ್ತದೆ.

ಕಳಚಿದ ಸಿಪ್ಪೆಯನ್ನು ಹಾಕಲು ಒಂದು ಪುಟ್ಟ ಬಾಟಲಿ. ಅದರಲ್ಲಿ ಅರ್ಧ ಗ್ಲಿಸರಿನ್, ಅರ್ಧ ಫಾಸ್ಫೇಟ್ ಬಫರ್ ದ್ರಾವಣ. ಈ ವೈರಾಣುವಿಗೆ ಹುಳಿ ಆಗದು. ಆಮ್ಲದ ಅಂಶ ಸ್ವಲ್ಪ ಏರಿ ಪಿಎಚ್ 6ಕ್ಕಿಂತ ಕೆಳಗಿಳಿದರೆ ಅದು ಒಡೆದು ಹೋಗುತ್ತದೆ. ಬರೀ ನೀರಿನಲ್ಲೋ ಸ್ಪಿರಿಟ್‌ನಲ್ಲೋ ಹಾಕಿ ಕಳಿಸಿದರೆ ಪ್ರಯೋಗಾಲಯಕ್ಕೆ ಮುಟ್ಟುವುದು ಚರ್ಮವಷ್ಟೇ. ಬಾಟಲಿಯ ಮುಚ್ಚಳ ಬಿಗಿದು, ಹತ್ತಿಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು, ಊರು, ದಿನಾಂಕ, ಹಸುವಿನ ವಯಸ್ಸು, ಹಿಂದಿನ ಲಸಿಕೆ ಯಾವಾಗ ಆಗಿತ್ತು ಎಂಬುದನ್ನೆಲ್ಲ ಬರೆದು ಕಳಿಸಬೇಕು. ಕಳಸದಿಂದ ಬೆಂಗಳೂರಿನ ಹೆಬ್ಬಾಳಕ್ಕೆ 300 ಕಿ.ಮೀ.ಗೂ ಹೆಚ್ಚು ದಾರಿ. ಆಷಾಢದ ಮಳೆಯಲ್ಲಿ ಕೊಟ್ಟಿಗೆಹಾರದ ಕಡೆ ಮರ ಬಿದ್ದು ರಸ್ತೆ ಕಟ್ಟಿದರೆ ಮಂಜುಗಡ್ಡೆ ದಾರಿಯಲ್ಲೇ ಕರಗುತ್ತದೆ.

ಹೆಬ್ಬಾಳದಲ್ಲಿ ಈ ಬಾಟಲಿಗಾಗಿ ಕಾಯುವ ಮನೆಗೆ ದೊಡ್ಡ ಚರಿತ್ರೆಯೇ ಇದೆ. 1925ರಲ್ಲಿ ‘ಮೈಸೂರು ಸೀರಂ ಇನ್‌ಸ್ಟಿಟ್ಯೂಟ್’ ಎಂಬ ಹೆಸರಿನಲ್ಲಿ ಅದು ಶುರುವಾಯಿತು. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ತಲೆಯೆತ್ತಿದ್ದೂ ಅದೇ ವರ್ಷ. ಲೆಸ್ಲಿ ಕೋಲ್‌ಮನ್ ಆಗ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರು. ಕಾಫಿ ಗಿಡಕ್ಕೊಂದು, ದನಕ್ಕೊಂದು ಎಂಬಂತೆ ಒಂದೇ ವರ್ಷದಲ್ಲಿ ಎರಡು ಸಂಸ್ಥೆ ಹುಟ್ಟಿದ್ದು ಮಲೆನಾಡಿನವರು ನೆನಪಿಡಬೇಕಾದ ಸಂಗತಿ. ಸೀರಂ ಸಂಸ್ಥೆಯ ಕೆಲಸ ದೊಡ್ಡರೋಗವನ್ನು ತಡೆಯುವುದು. ರಿಂಡರ್‌ಪೆಸ್ಟ್ ಎಂದು ವೈದ್ಯರು ಕರೆಯುವ ಈ ರೋಗ ಹೊಕ್ಕ ಹಟ್ಟಿಯಲ್ಲಿ ದನ ಉಳಿಯುವುದು ಅಪರೂಪವಾಗಿತ್ತು. ರೋಗ ಗೆದ್ದ ಜಾನುವಾರಿನ ರಕ್ತದಿಂದ ಸೀರಂ ತೆಗೆದು ಚುಚ್ಚುವುದು ಆಗಿನ ಉಪಾಯ. 1927ರಲ್ಲಿ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬ ವಿಜ್ಞಾನಿ ಆಡಿನ ಮೈಯಲ್ಲಿ ವೈರಾಣುವನ್ನು ಪಳಗಿಸಿ ಲಸಿಕೆ ಮಾಡಿದ ಮೇಲೆ ದಾರಿ ಬದಲಾಯಿತು. ದೊಡ್ಡರೋಗ ಕಾಡನ್ನೂ ಬಿಟ್ಟಿರಲಿಲ್ಲ. 1968ರಲ್ಲಿ ಬಂಡೀಪುರ, ಮುದುಮಲೈ ಕಾಡುಗಳ ಕಾಟಿಗಳನ್ನು, ಅಂದರೆ ಕಾಡುಕೋಣಗಳನ್ನು, ಅದು ಸಾಲುಸಾಲಾಗಿ ಕೆಡವಿತು. ಭಾರತದಲ್ಲಿ ಅದರ ಕೊನೆಯ ಹಾವಳಿ 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ತೊಡೆದುಹಾಕಿದ ಎರಡನೆಯ ರೋಗ ಅದು. ಅಷ್ಟು ದೊಡ್ಡ ಗೆಲುವಿನಲ್ಲಿ ಪಾಲಿರುವ ಸಂಸ್ಥೆಯ ಹೆಸರು ಹೈನುಗಾರರ ಬಾಯಲ್ಲೇ ಇಲ್ಲವಲ್ಲ ಎಂಬುದು ನನ್ನ ಕೊರಗು. ಈಗ ಅದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ಸರ್ಕಾರದ್ದು, ನಮ್ಮದು.

ಕಾಲುಬಾಯಿ ಜ್ವರ ಮಾತ್ರ ಹಾಗೆ ಸೋಲುವ ಜಾತಿಯದಲ್ಲ. 1898ರಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ರೋಗಪೀಡಿತ ದನದ ಬೊಕ್ಕೆಯ ನೀರನ್ನು ಬ್ಯಾಕ್ಟೀರಿಯಾ ದಾಟಲಾರದ ಸೋಸುಕದಲ್ಲಿ ಸೋಸಿದರು. ಸೋಸಿದ ನೀರೂ ರೋಗ ತಂದಿತು. ಪ್ರಾಣಿಗಳಲ್ಲಿ ವೈರಾಣು ಇದೆಯೆಂದು ಲೋಕಕ್ಕೆ ಮೊದಲು ಗೊತ್ತಾದದ್ದು ಹಾಗೆ, ದನದ ಬಾಯಿಯಿಂದ. ಒಂದೇ ಬಗೆಯ ವೈರಾಣುವಾಗಿದ್ದರೆ ಇಷ್ಟು ಹೊತ್ತಿಗೆ ಕಥೆ ಮುಗಿಯುತ್ತಿತ್ತೇನೋ. ನಮ್ಮ ದೇಶದಲ್ಲಿ ಈಗ ಓಡಾಡುವುದು ‘ಒ’, ‘ಎ’ ಮತ್ತು ‘ಏಷ್ಯಾ-1’ ಎಂಬ ಮೂರು. ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದನ್ನು ತಡೆಯದು. ಸಾಲದ್ದಕ್ಕೆ ಪ್ರತಿಯೊಂದರ ಒಳಗೂ ಕವಲುಗಳು. ನಮ್ಮ ಲಸಿಕೆಯಲ್ಲಿ ‘ಒ’ ಬಗೆಗೆ ಬಳಸುತ್ತ ಬಂದಿರುವ ಮೂಲ ವೈರಾಣು 1975ರಲ್ಲಿ ಸಿಕ್ಕದ್ದು. ಈಗ ಊರಲ್ಲಿ ತಿರುಗುತ್ತಿರುವ ವೈರಾಣುವಿಗೆ ಆ ಹಳೆಯ ಲಸಿಕೆ ಇನ್ನೂ ಸಾಟಿಯೇ ಎಂದು ಪದೇ ಪದೇ ನೋಡಬೇಕು. ಸಿಪ್ಪೆಯನ್ನು ಅರೆದು, ಎಲೈಸಾ ಪರೀಕ್ಷೆಯಲ್ಲಿ ಬಗೆ ಗುರುತಿಸಿ, ಜೀವಕೋಶಗಳಲ್ಲಿ ಬೆಳೆಸಿ, ಲಸಿಕೆ ಪಡೆದ ಪ್ರಾಣಿಯ ಸೀರಂ ಈ ಹೊಸಬನನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಲಸಿಕೆಯ ಮೂಲ ವೈರಾಣುವಿಗೆ ಹೋಲಿಸಿದ ಆ ಅಳತೆ 0.3ರ ಕೆಳಗೆ ಇಳಿದರೆ ಎಚ್ಚರಿಕೆಯ ಗಂಟೆ.

ಲಸಿಕೆ ತಯಾರಿಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ: ಹ್ಯಾಮ್‌ಸ್ಟರ್ ಮರಿಯ ಮೂತ್ರಪಿಂಡದಿಂದ ಬಂದ ಬಿಎಚ್‌ಕೆ-21 ಎಂಬ ಕೋಶಗಳನ್ನು ದೊಡ್ಡ ತೊಟ್ಟಿಯಲ್ಲಿ ಬೆಳೆಸಿ, ಅದರಲ್ಲಿ ವೈರಾಣುವನ್ನು ಹೆಚ್ಚಿಸಿ, ರಾಸಾಯನಿಕದಿಂದ ಕೊಂದು, ಎಣ್ಣೆಯಲ್ಲಿ ಬೆರೆಸುತ್ತಾರೆ. ಸತ್ತ ವೈರಾಣುವಿನ ಚಿಪ್ಪು ಇಡಿಯಾಗಿದ್ದರಷ್ಟೇ ಹಸುವಿನ ಮೈ ಅದನ್ನು ಗುರುತಿಸಿ ಕಲಿಯುತ್ತದೆ. ಬಿಸಿ ತಾಗಿದರೆ ಚಿಪ್ಪು ಚೂರಾಗುತ್ತದೆ. ಹೆಪ್ಪುಗಟ್ಟಿದರೂ ಲಸಿಕೆ ಕೆಡುತ್ತದೆ. 2ರಿಂದ 8 ಡಿಗ್ರಿಯೊಳಗೇ ಇರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಸಂಸೆ, ಬಾಳೂರು ಕಡೆಯವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ವರ್ಷಕ್ಕೆರಡು ಸಲ ಲಸಿಕೆ, ಕಿವಿಗೆ 12 ಅಂಕಿಯ ಓಲೆ. 2030ರ ಹೊತ್ತಿಗೆ ಕಾಲುಬಾಯಿ ಜ್ವರವನ್ನು ನಿರ್ಮೂಲ ಮಾಡುವ ಗುರಿ. ಬಯಲುಸೀಮೆಯಲ್ಲಿ ಡೇರಿ ಮುಂದೆ ಸಾಲಾಗಿ ಹಸು ನಿಲ್ಲಿಸಿ ಚುಚ್ಚಬಹುದು. ಇಲ್ಲಿ ಹಾಗಿಲ್ಲ. ಮಲೆನಾಡು ಗಿಡ್ಡ ತಳಿಯ ದನ ಹಾಲಿಗಿಂತ ಹೆಚ್ಚಾಗಿ ಕಾಫಿ, ಅಡಿಕೆಯ ಗೊಬ್ಬರಕ್ಕೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಗುಡ್ಡ ಹತ್ತಿ ಮಾಯ. ಅಪರಿಚಿತರ ಕೈ ಸೋಕಿದರೆ ಚಂಗನೆ ಹಾರುತ್ತದೆ. ಹಾಗಾಗಿ ಲಸಿಕೆ ಹಾಕುವವರು ಬೆಳಕು ಹರಿಯುವ ಮುಂಚೆಯೇ ಅಂಗಳದಲ್ಲಿರಬೇಕು. ಚಳಿಗೆ ಎಣ್ಣೆಯ ಲಸಿಕೆ ದಪ್ಪಗಾಗಿ ಸಿರಿಂಜ್ ಒತ್ತಲು ಹೆಬ್ಬೆರಳು ನೋಯುತ್ತದೆ. ಚುಚ್ಚಿದ ಜಾಗ ಊದಿ, ಒಂದೆರಡು ದಿನ ಹಾಲು ಇಳಿದರೆ ಮುಂದಿನ ಸಲ ಮನೆಯವರೇ ಬೇಡ ಎನ್ನುತ್ತಾರೆ.

ಪರೀಕ್ಷಕರಿಗೆ ಬೇಸರವಿದ್ದದ್ದು ಬೇರೊಂದು ಕಾರಣಕ್ಕೆ. ಗಿಡ್ಡ ದನಕ್ಕೆ ಈ ಜ್ವರ ಅಷ್ಟಾಗಿ ತಟ್ಟುವುದಿಲ್ಲ. ಮಿಶ್ರತಳಿ ಹಸು ಮೇವು ಬಿಟ್ಟು ಕುಂಟುತ್ತ ಮಲಗಿದರೆ, ಗಿಡ್ಡ ನಾಲ್ಕು ದಿನ ಜೊಲ್ಲು ಸುರಿಸಿ ಮತ್ತೆ ಮೇಯಲು ಹೊರಡುತ್ತದೆ. ಮನೆಯವರು ರಾಗಿ ಅಂಬಲಿ ಕುಡಿಸಿ, ಬಾಯಿಗೆ ಜೇನು ಸವರಿ ಸುಮ್ಮನಾಗುತ್ತಾರೆ. ವೈದ್ಯರನ್ನು ಕರೆಯುವುದು ಕರು ಸತ್ತಾಗ. ಎಳೆಗರುವಿನ ಹೃದಯಕ್ಕೇ ಈ ವೈರಾಣು ಕೈ ಹಾಕುತ್ತದೆ. ಅಷ್ಟು ಹೊತ್ತಿಗೆ ದೊಡ್ಡ ದನಗಳ ನಾಲಿಗೆ ಮಾಯ್ದಿರುತ್ತದೆ, ತೆಗೆಯಲು ಸಿಪ್ಪೆಯೇ ಇರುವುದಿಲ್ಲ. ಬ್ಯಾಣದಲ್ಲಿ ದನ ಮೇಯುವ ಹುಲ್ಲನ್ನೇ ರಾತ್ರಿ ಕಾಟಿಯೂ ಮೇಯುತ್ತದೆ. ಕಾಟಿಗೂ ಈ ರೋಗ ಬರುತ್ತದೆ. ಕುದುರೆಮುಖದ ಅಂಚಿನ ಇಂಥ ಊರುಗಳಿಂದಲೇ ಹೆಚ್ಚು ಮಾದರಿ ಹೋಗಬೇಕಿತ್ತು ಎನ್ನುವುದು ಅವರ ವಾದ. ನನಗೂ ಅದು ಸರಿಯೆನಿಸುತ್ತದೆ.

ಚರ್ಮಗಂಟು ರೋಗದ ವಿಷಯಕ್ಕೆ ಕೊನೆಗೂ ಬಂದೆವು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು, 2022ರಲ್ಲಿ ಕರ್ನಾಟಕವನ್ನೂ ಹಣ್ಣುಮಾಡಿದ ರೋಗ ಅದು. ಸೊಳ್ಳೆ, ನೊಣ, ಉಣ್ಣೆ ಹರಡುವುದರಿಂದ ಮಲೆನಾಡಿಗೆ ಹೆದರಿಕೆ ಹೆಚ್ಚು. ಸ್ವಂತ ಲಸಿಕೆ ಇಲ್ಲದಾಗ ಅದೇ ಕುಲದ ಆಡುಸಿಡುಬಿನ ಲಸಿಕೆ ಹಾಕಿದರು. ಆಮೇಲೆ ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು ‘ಲಂಪಿ-ಪ್ರೊವ್ಯಾಕ್‌ಇಂಡ್’ ರೂಪಿಸಿದರು. ಆ ಲಸಿಕೆಯ ಮೂಲ ಯಾವುದು ಗೊತ್ತೆ? 2019ರಲ್ಲಿ ರಾಂಚಿಯ ರೋಗಪೀಡಿತ ದನಗಳಿಂದ ತೆಗೆದ ಮಾದರಿ. ಅಲ್ಲಿ ಯಾರೋ ಒಬ್ಬರು ಹಸು ಹಿಡಿದುಕೊಂಡಿದ್ದರು, ಇನ್ನೊಬ್ಬರು ಬಾಟಲಿ ತುಂಬಿ ಹೆಸರು ಬರೆದಿದ್ದರು.

ಹಸು ಹಿಡಿಯುವವರು ಇಲ್ಲಿ ಕಡಿಮೆಯಾಗುತ್ತಿದ್ದಾರೆ. ಹುಡುಗರು ಬೆಂಗಳೂರಿನಲ್ಲಿ, ತೋಟಕ್ಕೆ ಚೀಲದ ಗೊಬ್ಬರ, ಹತ್ತಿಪ್ಪತ್ತು ದನ ಕಟ್ಟುತ್ತಿದ್ದ ಕೊಟ್ಟಿಗೆಗಳಲ್ಲಿ ಈಗ ಕಾಫಿ ಮೂಟೆ. ಪರೀಕ್ಷಕರು ಕೇಳುವುದು ಹೆಚ್ಚೇನಲ್ಲ: ಕಳಸ, ಹೊರನಾಡು, ಬಾಳೂರು, ಸಂಸೆ ಭಾಗದ ಪ್ರತಿ ಪಶು ಆಸ್ಪತ್ರೆಯಲ್ಲಿ ಮಳೆಗಾಲಕ್ಕೆ ಮುಂಚೆ ಎರಡು ಬಾಟಲಿ ಗ್ಲಿಸರಿನ್ ದ್ರಾವಣ, ಒಂದು ಚಿಮುಟ, ಕರೆಂಟ್ ಹೋದರೂ ಮಂಜುಗಡ್ಡೆ ಉಳಿಯುವ ಪೆಟ್ಟಿಗೆ. ಜೊಲ್ಲು ಕಂಡ ಮೊದಲ ದಿನವೇ ಮನೆಯವರು ಒಂದು ಫೋನ್ ಮಾಡಬೇಕು. ನಾಲಿಗೆ ಹಿಡಿಯುವುದು ಹೇಗೆಂದು ಕಲಿಯಲು ಯಾರಾದರೂ ಹುಡುಗರು ಬಂದರೆ, ಮೊಣಕಾಲು ನೋವಿದ್ದರೂ ತಾನೇ ಬಂದು ತೋರಿಸಿಕೊಡುತ್ತೇನೆ ಎಂದರು. ಈವರೆಗೆ ಯಾರೂ ಕೇಳಿಕೊಂಡು ಬಂದಿಲ್ಲವಂತೆ.